ಫ್ರೀಬರ್ಡ್ಸ್: ರಿಂಗಿಗೆ ಇಳಿದ ಬ್ಯಾಂಡು

ಎಲ್ಲರಿಗೂ ನಮಸ್ಕಾರ. ಇಲ್ಲಿರುವವರಲ್ಲಿ ಬಹುಪಾಲು ಜನ ಕೇಬಲ್ ಕಾಲದಿಂದ ಪ್ರೊ ರೆಸ್ಲಿಂಗ್ ನೋಡಿಕೊಂಡು ಬಂದವರು. ಹೀಲ್ ಅಂದರೆ ಖಳ, ಬೇಬಿಫೇಸ್ ಅಂದರೆ ನಾಯಕ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸೋಲು ಗೆಲುವು ಮೊದಲೇ ತೀರ್ಮಾನವಾಗಿರುತ್ತದೆ ಅನ್ನುವುದೂ ನಿಮಗೆ ಹೊಸದಲ್ಲ. ಹಾಗಾಗಿ ನೇರವಾಗಿ ನನ್ನ ತಕರಾರಿಗೇ ಬರುತ್ತೇನೆ.

ಫ್ಯಾಬ್ಯುಲಸ್ ಫ್ರೀಬರ್ಡ್ಸ್ ಅನ್ನುವ ಅಮೆರಿಕದ ಮೂವರ ಕುಸ್ತಿ ತಂಡದ ಹೆಸರು ಬಂದಾಗಲೆಲ್ಲ ಜನ ಹೇಳುವುದು ಒಂದೇ ಮಾತು: ಹಾಡು ಹಾಕಿಸಿಕೊಂಡು ರಿಂಗಿಗೆ ಬಂದ ಮೊದಲಿಗರು. ಇದು ನಿಜವಲ್ಲ. 1940ರ ದಶಕದಲ್ಲೇ ಕುಸ್ತಿಪಟು ಗಾರ್ಜಿಯಸ್ ಜಾರ್ಜ್ ‘ಪಾಂಪ್ ಅಂಡ್ ಸರ್ಕಮ್‌ಸ್ಟನ್ಸ್’ ನುಡಿಸಿಕೊಂಡು ಬರುತ್ತಿದ್ದ. ಸುಳ್ಳಾಗಿರುವುದು ಒಂದು ಕಡೆ, ಈ ಹೊಗಳಿಕೆ ಅವರ ಕೆಲಸವನ್ನು ಚಿಕ್ಕದು ಮಾಡುತ್ತದೆ. ಅವರು ಕುಸ್ತಿ ತಂಡವನ್ನೇ ರಾಕ್ ಬ್ಯಾಂಡಿನಂತೆ ಕಟ್ಟಿದರು. ಹೆಸರು, ಹಾಡು, ಉದ್ದ ಕೂದಲು ಹಾಗಿರಲಿ. ಯಾರ ಕೆಲಸ ಏನು, ಒಬ್ಬ ಇಲ್ಲದಿದ್ದರೆ ಏನು ಮಾಡಬೇಕು, ಪ್ರಶಸ್ತಿ ಯಾರದ್ದು ಅನ್ನುವುದೆಲ್ಲ ಬ್ಯಾಂಡಿನ ಲೆಕ್ಕದಲ್ಲೇ ನಡೆಯಿತು. ಇದನ್ನು ಇವತ್ತು ಎರಡು ಮೂರು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

1979ರಲ್ಲಿ ಮೈಕೆಲ್ ಹೇಯ್ಸ್, ಟೆರ್ರಿ ಗಾರ್ಡಿ ಜೋಡಿಯಾದರು. ಹೇಯ್ಸ್‌ಗೆ ಇಪ್ಪತ್ತು, ಗಾರ್ಡಿಗೆ ಹದಿನೆಂಟು. ಹೆಸರು ತೆಗೆದುಕೊಂಡದ್ದು ಲಿನರ್ಡ್ ಸ್ಕಿನರ್ಡ್ ಬ್ಯಾಂಡಿನ ‘ಫ್ರೀ ಬರ್ಡ್’ ಹಾಡಿನಿಂದ. ಆ ಬ್ಯಾಂಡಿನ ವಿಮಾನ ಬಿದ್ದದ್ದು 1977ರ ಅಕ್ಟೋಬರ್ 20ರಂದು. ಹಾಡುಗಾರ ರಾನಿ ವ್ಯಾನ್ ಜಾಂಟ್ ತೀರಿಹೋದದ್ದು ಅದರಲ್ಲೇ. ಅಮೆರಿಕದ ದಕ್ಷಿಣ ರಾಜ್ಯಗಳ ಜನರಿಗೆ ಆ ಹಾಡು ಕೇಳಿದರೆ ಗಂಟಲು ಕಟ್ಟುತ್ತಿದ್ದ ದಿನಗಳವು. ಜನ ಪ್ರಾಣದಂತೆ ಪ್ರೀತಿಸುವ ಹಾಡಿನೊಂದಿಗೆ ಜನ ದ್ವೇಷಿಸಬೇಕಾದ ಹುಡುಗರು ಬರುತ್ತಾರೆ. ಹಾಡಿಗೆ ಚಪ್ಪಾಳೆ ತಟ್ಟಬೇಕೋ, ಬಂದವರಿಗೆ ಬಯ್ಯಬೇಕೋ? ಆ ಗೊಂದಲದಲ್ಲೇ ಸಭೆ ಕಾವೇರುತ್ತಿತ್ತು.

1980ರಲ್ಲಿ, ಮಿಡ್-ಸೌತ್ ಪ್ರಾಂತ್ಯದ ಕುಸ್ತಿ ಆಯೋಜಕ ಬಿಲ್ ವಾಟ್ಸ್ ಇವರ ಜೊತೆಗೆ ಬಡ್ಡಿ ರಾಬರ್ಟ್ಸ್‌ನನ್ನು ಸೇರಿಸಿದರು. ವಯಸ್ಸಿನಲ್ಲಿ ದೊಡ್ಡವನು, ಜೆರ್ರಿ ಬ್ರೌನ್ ಜೊತೆ ಹಾಲಿವುಡ್ ಬ್ಲಾಂಡ್ಸ್ ಜೋಡಿಯಲ್ಲಿ ಪಳಗಿದವನು. ಬ್ಯಾಂಡು ಪೂರ್ತಿಯಾದದ್ದು ಆಗ. ಮೈಕ್ ಹಿಡಿದು ಊರನ್ನೇ ಕೆಣಕುವವನು ಹೇಯ್ಸ್. ಅವನು ಮುಂದಾಳು, ಎದುರಾಳಿ ಸುಸ್ತಾದಾಗ ಮೂನ್‌ವಾಕ್ ಮಾಡುವವನೂ ಅವನೇ. ಭಾರ ಹೊರುವವನು ಗಾರ್ಡಿ. ಅಷ್ಟು ದೊಡ್ಡ ಮೈಯಲ್ಲಿ ಅಷ್ಟು ಚುರುಕು ಅಪರೂಪ. ಪವರ್‌ಬಾಂಬ್ ಪಟ್ಟನ್ನು, ಅಂದರೆ ಎದುರಾಳಿಯನ್ನು ಮೇಲೆತ್ತಿ ಬೆನ್ನ ಮೇಲೆ ಕೆಡವುವುದನ್ನು, ಜನಪ್ರಿಯ ಮಾಡಿದವರಲ್ಲಿ ಅವನೂ ಒಬ್ಬ. ರಾಬರ್ಟ್ಸ್‌ನದು ಬಂಪ್ ತೆಗೆದುಕೊಳ್ಳುವ ಕೆಲಸ, ಅಂದರೆ ಬೀಳುವ ಕೆಲಸ. ನಾಯಕ ಹೊಡೆದಾಗ ನಿಜವಾಗಿ ಹೊಡೆದಂತೆ ಕಾಣಬೇಕಾದರೆ ಬೀಳುವವನಿಗೆ ವಿದ್ಯೆ ಗೊತ್ತಿರಬೇಕು. ಗದ್ದ ಎದೆಗೆ ಒತ್ತಿಕೊಂಡು, ಬೆನ್ನಿನ ಮೇಲ್ಭಾಗ ಪೂರ್ತಿ ಮ್ಯಾಟಿಗೆ ತಾಗುವಂತೆ, ತೋಳು ಚಾಚಿ ಅಂಗೈ ಬಡಿದು ಬೀಳಬೇಕು. ತಲೆ ಹಿಂದಕ್ಕೆ ವಾಲಿದರೆ ಕತ್ತಿಗೆ ಪೆಟ್ಟು. ಬರೀ ಮೊಣಕೈ ಊರಿದರೆ ಭುಜ ಹೋಯಿತು. ಇಬ್ಬರು ಮಿಂಚುವುದಕ್ಕೆ ಮೂರನೆಯವನು ರಾತ್ರಿ ರಾತ್ರಿ ಬೀಳುತ್ತಿದ್ದ, ಇದನ್ನು ಯಾರೂ ಹೇಳುವುದಿಲ್ಲ.

ಆ ವರ್ಷದ ಜಂಕ್‌ಯಾರ್ಡ್ ಡಾಗ್ ಅನ್ನುವ ಕುಸ್ತಿಪಟುವಿನ ಜೊತೆಗಿನ ಜಗಳ ನಿಮಗೆ ಗೊತ್ತು. ಕೂದಲು ಉದುರಿಸುವ ಕ್ರೀಮು ಕಣ್ಣಿಗೆ ಬಿದ್ದು ಡಾಗ್ ಕುರುಡನಾದ, ಆಗಷ್ಟೇ ಹುಟ್ಟಿದ ಮಗಳ ಮುಖವನ್ನೂ ನೋಡಲಾರ ಅನ್ನುವುದು ಕಥೆ. ಕಣ್ಣು ಕಾಣದವನು ಕುಸ್ತಿ ಹೇಗೆ ಮಾಡುತ್ತಾನೆ? ಅದಕ್ಕೇ ನಾಯಿ ಪಟ್ಟಿ. ಇಬ್ಬರ ಕೊರಳಿಗೂ ಪಟ್ಟಿ, ನಡುವೆ ಸರಪಳಿ. ಸರಪಳಿ ಎಳೆದುಕೊಂಡು ಹೋದರೆ ಎದುರಾಳಿ ಸಿಕ್ಕೇ ಸಿಗುತ್ತಾನೆ. ಆಗಸ್ಟ್ 2ರಂದು ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮಿನಲ್ಲಿ ಹೇಯ್ಸ್‌ನನ್ನು ಹಾಗೇ ಕಟ್ಟಿದ್ದರು. ಇಲ್ಲಿ ಇನ್ನೊಂದು ಮಾತನ್ನು ಬಿಡಬಾರದು. ಫ್ರೀಬರ್ಡ್ಸ್ ಕಾನ್ಫೆಡರೇಟ್ ಬಾವುಟ, ಅಂದರೆ ಗುಲಾಮಗಿರಿ ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದ ರಾಜ್ಯಗಳ ಬಾವುಟ, ಹೊದ್ದು ಬರುತ್ತಿದ್ದರು, ಎದುರಿಗಿದ್ದವನು ಆ ಊರಿನ ಕಪ್ಪು ಜನರ ಕಣ್ಮಣಿ. ಆ ರೊಚ್ಚಿನಲ್ಲಿ ಗುಲಾಮಗಿರಿಯ ಚರಿತ್ರೆಯೂ ಸೇರಿತ್ತು. ಅದನ್ನು ಬರೀ ‘ಗಿಮಿಕ್’ ಅಂತ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಈಗ ಹಾಡಿನ ವಿಷಯ. ‘ಫ್ರೀ ಬರ್ಡ್’ ಆಲ್ಬಮ್ಮಿನಲ್ಲಿ ಒಂಬತ್ತು ನಿಮಿಷ ದಾಟುತ್ತದೆ. ಆರಂಭ ಆರ್ಗನ್, ನಿಧಾನ ಗತಿ. ಗಿಟಾರು ಓಡುವುದು ಅರ್ಧ ಕಳೆದ ಮೇಲೆ. ನುಗ್ಗಿ ಬಂದು ಹೊಡೆಯುವ ನಾಯಕನಿಗೆ ಇದು ಪ್ರಯೋಜನವಿಲ್ಲ. ಆದರೆ ನಿಧಾನಕ್ಕೆ ಬಂದು, ಕೂದಲು ಸವರಿಕೊಂಡು, ಮುಂದಿನ ಸಾಲಿನವರ ಜೊತೆ ಜಗಳ ತೆಗೆದು, ಬೈಗುಳ ಕೂಡಿಹಾಕಿಕೊಳ್ಳುವ ಹೀಲ್‌ಗಳಿಗೆ ಹೇಳಿ ಮಾಡಿಸಿದ್ದು. ಯಕ್ಷಗಾನದಲ್ಲಿ ಒಡ್ಡೋಲಗಕ್ಕೆ ಕೊಡುವಷ್ಟೇ ಸಮಯ ಇವರು ಪ್ರವೇಶಕ್ಕೆ ಕೊಟ್ಟರು. ತೊಡಕಿದ್ದದ್ದು ಹಕ್ಕಿನಲ್ಲಿ. ಹಾಡು ಬೇರೆಯವರ ಸ್ವತ್ತು. ಟಿವಿಗೆ, ಟೇಪಿಗೆ ಹೋದಾಗ ಪ್ರತಿಸಲ ಅನುಮತಿ ಬೇಕು, ಹಣ ಬೇಕು. ಹಳೆಯ ಪಂದ್ಯಗಳನ್ನು ಈಗ ಡಬ್ಲ್ಯುಡಬ್ಲ್ಯುಇ ಕುಸ್ತಿ ಕಂಪನಿಯ ಸಂಗ್ರಹದಲ್ಲಿ ನೋಡುವಾಗ ಅಂಥ ಹಾಡುಗಳ ಜಾಗದಲ್ಲಿ ಯಾವುದೋ ಗುರುತಿಲ್ಲದ ಗಿಟಾರು ಕೇಳಿಸುವುದು ಇದರಿಂದಲೇ. ಹೇಯ್ಸ್ ತಾನೇ ಹಾಡಿ ‘ಬ್ಯಾಡ್‌ಸ್ಟ್ರೀಟ್ ಯುಎಸ್ಎ’ ಮಾಡಿದ ಮೇಲೆ ತಂಡಕ್ಕೆ ಸ್ವಂತ ಹಾಡು ಸಿಕ್ಕಿತು, ವಿಡಿಯೊ ಬಂತು. ಬೇರೆಯವರ ಹಾಡಿನೊಂದಿಗೆ ಬರುತ್ತಿದ್ದವರು ಸ್ವಂತ ಹಾಡಿನ ಬ್ಯಾಂಡಾದರು.

ಇನ್ನು 1982ರ ಕ್ರಿಸ್‌ಮಸ್ ರಾತ್ರಿ. ಇದಕ್ಕೆ ಸ್ವಲ್ಪ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ. ಡಲ್ಲಾಸ್, ರಿಯೂನಿಯನ್ ಅರೀನಾ. ಫ್ರೀಬರ್ಡ್ಸ್ ಟೆಕ್ಸಾಸಿಗೆ ಬಂದದ್ದು ಅಲ್ಲಿನ ಕುಸ್ತಿ ಮನೆತನದ ವಾನ್ ಎರಿಕ್ ಸಹೋದರರ ಗೆಳೆಯರಾಗಿ. ಚಪ್ಪಾಳೆ ಬೀಳುತ್ತಿತ್ತು. ಅದೇ ರಾತ್ರಿ ಆರು ಜನರ ಟ್ಯಾಗ್ ಪ್ರಶಸ್ತಿಗೆ, ಅಂದರೆ ಮೂವರ ತಂಡಗಳ ಪ್ರಶಸ್ತಿಗೆ, ಹೇಯ್ಸ್, ಗಾರ್ಡಿ ಜೊತೆ ರಾಬರ್ಟ್ಸ್ ಜಾಗದಲ್ಲಿ ನಿಂತವನು ಡೇವಿಡ್ ವಾನ್ ಎರಿಕ್. ಗೆದ್ದ ಮೇಲೆ ತನ್ನ ಪಾಲನ್ನು ರಾಬರ್ಟ್ಸ್‌ಗೆ ಬಿಟ್ಟುಕೊಟ್ಟ. ಅಷ್ಟು ಸಲಿಗೆ. ಆಮೇಲೆ ಮುಖ್ಯ ಪಂದ್ಯ, ಕಬ್ಬಿಣದ ಪಂಜರದೊಳಗೆ ಚಾಂಪಿಯನ್ ರಿಕ್ ಫ್ಲೇರ್, ಎದುರಿಗೆ ಕೆರ್ರಿ ವಾನ್ ಎರಿಕ್. ವಿಶೇಷ ರೆಫರಿ ಯಾರಾಗಬೇಕು ಅಂತ ಪ್ರೇಕ್ಷಕರ ಮತ ಕೇಳಿ ಆರಿಸಿದ್ದು ಹೇಯ್ಸ್‌ನನ್ನು. ಪಂಜರದ ಬಾಗಿಲು ಕಾಯಲು ಗಾರ್ಡಿ.

ನೋಡಿ, ಆಯುಧ ಮೊದಲಿನಿಂದಲೂ ಎಲ್ಲರ ಕಣ್ಣೆದುರೇ ಇದೆ. ಬಾಗಿಲು. ಯಾರಿಗೂ ಅದು ಆಯುಧ ಅನ್ನಿಸುವುದಿಲ್ಲ. ಪಂದ್ಯ ಸಾಗುತ್ತದೆ, ಹೇಯ್ಸ್ ತಾಳ್ಮೆಗೆಟ್ಟು ಫ್ಲೇರ್‌ನನ್ನು ಹೊಡೆದು ಬೀಳಿಸಿ, ಬಂದು ಪಿನ್ ಮಾಡು, ಅಂದರೆ ಭುಜ ನೆಲಕ್ಕೊತ್ತಿ ಗೆಲ್ಲು ಅಂತ ಕೆರ್ರಿಗೆ ಹೇಳುತ್ತಾನೆ. ಕೆರ್ರಿ ಹೀಗೆ ಗೆಲ್ಲಲು ಒಪ್ಪುವುದಿಲ್ಲ. ಹೇಯ್ಸ್ ಮುನಿಸಿಕೊಂಡು ಹೊರಟ. ಅಷ್ಟರಲ್ಲಿ ಫ್ಲೇರ್ ಹಿಂದಿನಿಂದ ಕೆರ್ರಿಯ ಮೇಲೆ ಬಿದ್ದ, ಕೆರ್ರಿ ಹೋಗಿ ಹೇಯ್ಸ್‌ಗೆ ಡಿಕ್ಕಿ ಹೊಡೆದ. ತನ್ನ ಗೆಳೆಯನನ್ನು ಕೆರ್ರಿಯೇ ತಳ್ಳಿದ ಅಂದುಕೊಂಡ ಗಾರ್ಡಿ ಬಾಗಿಲನ್ನು ಕೆರ್ರಿಯ ತಲೆಗೆ ಬಡಿದೇಬಿಟ್ಟ. ಪ್ರಶಸ್ತಿ ಫ್ಲೇರ್ ಬಳಿಯೇ ಉಳಿಯಿತು. ಹೇಯ್ಸ್ ದೃಷ್ಟಿಯಿಂದ ನೋಡಿ: ಅವನು ಉಪಕಾರ ಮಾಡಲು ಹೋಗಿದ್ದ. ತಾನು ಸರಿ ಅಂತ ನಂಬಿದ ಖಳನಷ್ಟು ಬಾಳಿಕೆ ಬರುವ ಖಳ ಇನ್ನೊಬ್ಬನಿಲ್ಲ. ಜಗಳ ವರ್ಷಗಟ್ಟಲೆ ನಡೆದದ್ದು ಅದಕ್ಕೇ. ಇನ್ನೊಂದು ಗಮನಿಸಿ, ಹಾಡಿನ ಒಂದು ಸ್ವರವೂ ಬದಲಾಗಲಿಲ್ಲ. ಡಿಸೆಂಬರ್ 24ರವರೆಗೆ ಚಪ್ಪಾಳೆ ತರಿಸುತ್ತಿದ್ದ ಪ್ರವೇಶ, 26ರಿಂದ ಬೈಗುಳ ತರಿಸಿತು.

ಮತ್ತೆ ಬ್ಯಾಂಡಿನ ಮಾತಿಗೆ ಬರುತ್ತೇನೆ, ಯಾಕೆಂದರೆ ಫ್ರೀಬರ್ಡ್ ನಿಯಮ ಹುಟ್ಟಿದ್ದು ಅಲ್ಲಿಂದ. ಜೋಡಿ ಪ್ರಶಸ್ತಿಯ ಬೆಲ್ಟ್ ಎರಡು, ಜನ ಮೂವರು. ಮೂವರಲ್ಲಿ ಯಾವ ಇಬ್ಬರು ಬೇಕಾದರೂ ಪ್ರಶಸ್ತಿ ಕಾಪಾಡಿಕೊಳ್ಳಬಹುದು. ಒಬ್ಬನ ಮೊಣಕಾಲು ಹೋದರೂ ಪ್ರಶಸ್ತಿ ಖಾಲಿ ಬೀಳುವುದಿಲ್ಲ, ಪ್ರಚಾರ ಮಾಡಿದ ಪಂದ್ಯ ನಿಲ್ಲುವುದಿಲ್ಲ. ಎದುರು ಜೋಡಿಗೆ ಯಾರು ಬರುತ್ತಾರೆ ಅಂತ ಗೊತ್ತಿರುವುದಿಲ್ಲ. ಮೂರನೆಯವನು ರಿಂಗಿನ ಪಕ್ಕದಲ್ಲಿ ನಿಂತು, ರೆಫರಿ ಬೆನ್ನು ತಿರುಗಿಸಿದಾಗ ಕಾಲು ಎಳೆಯುತ್ತಾನೆ. ನಷ್ಟವೂ ಇದೆ: ಆಯೋಜಕ ಇಬ್ಬರ ಕೆಲಸಕ್ಕೆ ಮೂವರಿಗೆ ಹಣ ಕೊಡಬೇಕು. ಅದಕ್ಕೇ ಎಲ್ಲ ಕಂಪನಿಗಳೂ ಇದನ್ನು ಹಚ್ಚಿಕೊಳ್ಳಲಿಲ್ಲ.

ಸಮಯ ಮುಗಿಯುತ್ತಿದೆ ಅಂತ ಚೀಟಿ ಬಂತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 1984ರ ಮೇ 6, ಟೆಕ್ಸಾಸ್ ಸ್ಟೇಡಿಯಂ, ಮೂವತ್ತು ಸಾವಿರಕ್ಕೂ ಹೆಚ್ಚು ಜನ. ಆ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ತೀರಿಹೋಗಿದ್ದ ಡೇವಿಡ್ ಸ್ಮರಣೆಯ ದಿನ, ವಾನ್ ಎರಿಕ್ ಕುಟುಂಬ ಫ್ರೀಬರ್ಡ್ಸ್‌ನಿಂದ ಆರು ಜನರ ಪ್ರಶಸ್ತಿ ಕಿತ್ತುಕೊಂಡಿತು. ಅದೇ ವರ್ಷ ಫ್ರೀಬರ್ಡ್ಸ್ ಡಬ್ಲ್ಯುಡಬ್ಲ್ಯುಎಫ್‌ಗೆ, ಅಂದರೆ ಈಗಿನ ಡಬ್ಲ್ಯುಡಬ್ಲ್ಯುಇಗೆ ಹೋದರು, ಹೆಚ್ಚು ದಿನ ಉಳಿಯಲಿಲ್ಲ. 1989ರಲ್ಲಿ ಹೇಯ್ಸ್ ಜೊತೆಗೆ ಜಿಮ್ಮಿ ಗಾರ್ವಿನ್. ಆ ಜೋಡಿಯ ಒಂದು ತಮಾಷೆ ಹೇಳದೆ ಹೋಗಲಾರೆ. 1991ರ ಫೆಬ್ರವರಿ 24ರಂದು ಅವರು ಡೂಮ್ ಜೋಡಿಯಿಂದ ಪ್ರಶಸ್ತಿ ಗೆದ್ದರು. ಆದರೆ ಅದನ್ನು ಸ್ಟೈನರ್ ಸಹೋದರರಿಗೆ ಸೋತ ಪಂದ್ಯ 18ರಂದೇ ಚಿತ್ರೀಕರಣವಾಗಿತ್ತು! ಮುಂದೆ ಪ್ರಸಾರವಾಗಬೇಕಾದ್ದನ್ನು ಮೊದಲೇ ರೆಕಾರ್ಡ್ ಮಾಡಿಟ್ಟರೆ ಹೀಗಾಗುತ್ತದೆ. ಗೆಲ್ಲುವ ಆರು ದಿನ ಮುಂಚೆಯೇ ಸೋತವರು.

ಗಾರ್ಡಿ 2001ರಲ್ಲಿ, ನಲವತ್ತಕ್ಕೇ ಹೋದ. ರಾಬರ್ಟ್ಸ್ 2012ರಲ್ಲಿ. 2015ರಿಂದ 2016ರವರೆಗೆ ಟ್ರಾಂಬೋನ್ ಊದಿಕೊಂಡು ಬಂದ ನ್ಯೂ ಡೇ ತಂಡದ ಮೂವರು ಇದೇ ಫ್ರೀಬರ್ಡ್ ನಿಯಮದಲ್ಲಿ ಡಬ್ಲ್ಯುಡಬ್ಲ್ಯುಇಯಲ್ಲಿ 483 ದಿನ ಪ್ರಶಸ್ತಿ ಉಳಿಸಿಕೊಂಡು, ಡೆಮಾಲಿಷನ್‌ನ 478 ದಿನಗಳ ದಾಖಲೆ ಮುರಿದರು. 2016ರಲ್ಲಿ ಡಲ್ಲಾಸ್‌ನಲ್ಲಿ ಫ್ರೀಬರ್ಡ್ಸ್ ತಂಡವನ್ನು ಡಬ್ಲ್ಯುಡಬ್ಲ್ಯುಇ ಹಾಲ್ ಆಫ್ ಫೇಮ್‌ಗೆ ಸೇರಿಸಿದವರೂ ಅವರೇ. ಗಾರ್ವಿನ್ ಹೆಸರೂ ಸೇರಿತ್ತು, ಹೇಯ್ಸ್ ವೇದಿಕೆಯ ಮೇಲೆ ‘ಬ್ಯಾಡ್‌ಸ್ಟ್ರೀಟ್’ ಹಾಡಿದ. ಜಪಾನಿನಲ್ಲಿ ಗಾರ್ಡಿ ಮಾಡಿದ ಕೆಲಸದ ಬಗ್ಗೆ ಹೇಳಲು ಆಗಲೇ ಇಲ್ಲ. ಪ್ರಶ್ನೆಗಳಿದ್ದರೆ ಅಲ್ಲಿಂದಲೇ ಶುರುಮಾಡಿ.