ಅದು ಮಜಾ ಅಲ್ಲ

ನಮಸ್ಕಾರ. ಕಳೆದ ವಿಡಿಯೊದಲ್ಲಿ ನ್ಯೂಯಾರ್ಕ್‌ನ ವಿಲ್ಲರ್ಡ್ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಬೌಲಿಂಗ್ ಇತ್ತು ಅಂದಿದ್ದೆ. ಕ್ರಿಕೆಟ್ ಬೌಲಿಂಗ್ ಅಲ್ಲ, ಚೆಂಡು ಉರುಳಿಸಿ ಪಿನ್ ಬೀಳಿಸುವ ಆಟ. ಅದಕ್ಕೆ ಒಬ್ಬರ ಕಾಮೆಂಟು: "ಹುಚ್ಚರಿಗೆ ಬೌಲಿಂಗ್ ಬೇರೆ! ಜನರ ತೆರಿಗೆ ದುಡ್ಡಲ್ಲಿ ಮಜಾ."

ಮೊದಲು ಆ 'ಹುಚ್ಚರು' ಅನ್ನೋದನ್ನ ಬಿಡಿ. ಆಮೇಲೆ, ಅದು ಮಜಾ ಅಲ್ಲ.

1955ರಲ್ಲಿ ಅಮೆರಿಕದ ಇಂಥ ಆಸ್ಪತ್ರೆಗಳಲ್ಲಿ ಸುಮಾರು 5 ಲಕ್ಷ 59 ಸಾವಿರ ಜನ ಇದ್ದರು. ಲಾಂಗ್ ಐಲ್ಯಾಂಡ್‌ನ ಪಿಲ್‌ಗ್ರಿಮ್ ಆಸ್ಪತ್ರೆ ಒಂದರಲ್ಲೇ 13 ಸಾವಿರಕ್ಕೂ ಜಾಸ್ತಿ. ಮಂಚಕ್ಕೆ ಮಂಚ ತಾಗುವಷ್ಟು ಇಕ್ಕಟ್ಟು. ಹೆಂಗಸರ ವಾರ್ಡೇ ಬೇರೆ, ಗಂಡಸರದೇ ಬೇರೆ. ಬೆಳಗ್ಗೆ ಗೋಡೆಗೊರಗಿ ಬೆಂಚಿನ ಮೇಲೆ ಕೂತರೆ ಸಂಜೆವರೆಗೂ ಅದೇ ಬೆಂಚು. ಅಂಥ ಕಡೆ ಒಂದು ಸಂಜೆ ಬ್ಯಾಂಡು, ಡಾನ್ಸು ಇದೆ ಅಂದರೆ ತಲೆ ಬಾಚಿಕೊಳ್ಳೋಕೆ ಒಂದು ಕಾರಣ ಸಿಕ್ಕಿತು, ಅಲ್ವಾ? ಅದನ್ನ ಮಜಾ ಅಂತೀರಾ?

"ಔಷಧಿ ಕೊಟ್ಟರೆ ಸಾಕಿತ್ತು" ಅನ್ನೋರೂ ಇದ್ದಾರೆ. ಕ್ಲೋರ್‌ಪ್ರೊಮಜಿನ್ ಅನ್ನೋ ಮಾನಸಿಕ ಕಾಯಿಲೆಯ ಔಷಧಿ ಅಲ್ಲಿ ಬಳಕೆಗೆ ಬಂದಿದ್ದೇ 1954ರಲ್ಲಿ. ಸರಿ, ಮಾತ್ರೆ ನುಂಗಿದರು. ಉಳಿದ ದಿನವೆಲ್ಲ ಗೋಡೆ ನೋಡಬೇಕಾ?

ಅಂದಹಾಗೆ, ಇಂಥ ಕಥೆಗಳು ಬೇಕು ಅಂದರೆ ಸಬ್‌ಸ್ಕ್ರೈಬ್ ಮಾಡಿ. ನಿಜವಾಗಲೂ ಸಹಾಯ ಆಗುತ್ತದೆ.

ಈಗ ಅಲಬಾಮಾದ ಬ್ರೈಸ್ ಆಸ್ಪತ್ರೆ ನೋಡಿ. ಅದೂ ಸರ್ಕಾರಿ ಮಾನಸಿಕ ಆಸ್ಪತ್ರೆಯೇ, ಆಗ ಸುಮಾರು 5 ಸಾವಿರ ರೋಗಿಗಳಿದ್ದರು. 1970ರಲ್ಲಿ ಆಸ್ಪತ್ರೆಗೆ ಸಿಗರೇಟ್ ತೆರಿಗೆಯಿಂದ ಬರುತ್ತಿದ್ದ ಹಣ ಕಮ್ಮಿ ಆಯಿತು. 99 ಜನರನ್ನು ಕೆಲಸದಿಂದ ತೆಗೆದರು. ಅವರಲ್ಲಿ 26 ಜನ ರೋಗಿಗಳ ಆಟ, ಚಟುವಟಿಕೆ ನೋಡಿಕೊಳ್ಳುತ್ತಿದ್ದವರು! ವಿಷಯ ಕೋರ್ಟಿಗೆ ಹೋಯಿತು. 1972ರಲ್ಲಿ ನ್ಯಾಯಾಧೀಶ ಫ್ರಾಂಕ್ ಜಾನ್ಸನ್ ಪಟ್ಟಿ ಮಾಡಿ ಕೊಟ್ಟರು: ವ್ಯಾಯಾಮ ಹಕ್ಕು. ಹೊರಗೆ ಗಾಳಿಗೆ ಹೋಗೋದು ಹಕ್ಕು. ಹೆಣ್ಣು ಗಂಡು ಕೂತು ಮಾತಾಡೋದು ಹಕ್ಕು. ಹಗಲು ಕೂರುವ ಕೋಣೆಯಲ್ಲಿ ಟಿವಿ ಇರಬೇಕು, ಓದೋಕೆ ದೀಪ ಇರಬೇಕು. ಓದೋಕೆ ಒಂದು ದೀಪ! ಅದನ್ನೂ ಕೋರ್ಟೇ ಹೇಳಬೇಕಾಯಿತು.

ಮಜಾ ಅಂತೆ, ಮಜಾ! ಒಂದು ಭಾನುವಾರ ಫೋನ್ ಮುಟ್ಟದೆ, ಹೊಸಿಲು ದಾಟದೆ, ಬೆಂಚಿನ ಮೇಲೆ ಸುಮ್ನೆ ಕೂತು ನೋಡಿ ಸ್ವಾಮಿ. ಆಮೇಲೆ ಬಂದು ಕಾಮೆಂಟ್ ಹಾಕಿ.

ಮುಂದಿನ ವಾರ, 1995ರಲ್ಲಿ ಅದೇ ವಿಲ್ಲರ್ಡ್‌ನ ಅಟ್ಟದಲ್ಲಿ ಸಿಕ್ಕ ಸುಮಾರು 400 ಸೂಟ್‌ಕೇಸುಗಳ ಬಗ್ಗೆ. ಎಲ್ಲ ರೋಗಿಗಳದ್ದು. ಬೆಲ್ ಒತ್ತಿ.