ಸತ್ತ ಬೊಂಡಾಸ್ ಉಪ್ಪು ಬಿದ್ದ ಕೂಡಲೇ ಯಾಕೆ ಮಿಸುಕಿತು?

[ಅಡುಗೆಮನೆ. ತಟ್ಟೆಯಲ್ಲಿ ಬೊಂಡಾಸ್.]

ನಮಸ್ಕಾರ, ವಾಸ್ಕೋದಿಂದ. ಹೋದ ಭಾನುವಾರ ಆಗಷ್ಟೇ ದೋಣಿಯಿಂದ ಇಳಿದ ಬೊಂಡಾಸ್, ಅಂದರೆ ಸ್ಕ್ವಿಡ್, ತಂದಿದ್ದೆ. ಕಾಲುಗಳನ್ನು ಬೇರೆ ಮಾಡಿ, ತೊಳೆದು, ಉಪ್ಪು ಉದುರಿಸಿದೆ. ಒಂದು ಕಾಲು ಮೆಲ್ಲಗೆ ಸುರುಳಿ ಸುತ್ತಿಕೊಂಡಿತು! ಕಾಯಿ ತುರಿಯುತ್ತಿದ್ದ ಅಮ್ಮ ಈಳಿಗೆಮಣೆ ಬಿಟ್ಟು ಎದ್ದರು. "ಇನ್ನೂ ಜೀವ ಇದೆ ಮಾರಾಯಾ, ವಾಪಸ್ ಕೊಟ್ಟು ಬಾ!"

ಜೀವ ಹೋಗಿತ್ತು. ಜೀವಕೋಶಗಳ ಚಾರ್ಜ್ ಮಾತ್ರ ಇನ್ನೂ ಇಳಿದಿರಲಿಲ್ಲ.

ಜೀವಕೋಶ, ಅದರ ಸುತ್ತ ಕೊಬ್ಬಿನ ಪೊರೆ. ಹೈಸ್ಕೂಲಿನಲ್ಲಿ ಓದಿದ್ದೀರಿ, ಮುಂದೆ ಹೋಗೋಣ. ನರಕೋಶದಲ್ಲಿ ಪೊರೆಯ ಒಳಬದಿ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣ. ರಿಮೋಟಿನ ಸೆಲ್ಲಿನ ಇಪ್ಪತ್ತರಲ್ಲಿ ಒಂದು ಪಾಲು. ಇಷ್ಟೇನಾ ಅನಿಸುತ್ತದೆ, ಅಲ್ವಾ?

ತಾಳಿ. ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್. ಹತ್ತು ಸಾವಿರಕ್ಕೂ ಜಾಸ್ತಿ ಪೊರೆ ಪೇರಿಸಿದರೆ ಒಂದು ಕೂದಲಿನಷ್ಟು ದಪ್ಪ. ಅಷ್ಟು ತೆಳು ಗೋಡೆಯ ಆಚೀಚೆ 70 ಮಿಲಿವೋಲ್ಟ್ ಅಂದರೆ, ಮೀಟರಿನ ಲೆಕ್ಕದಲ್ಲಿ 1 ಕೋಟಿ 40 ಲಕ್ಷ ವೋಲ್ಟ್! ನಾನು ಮೂರು ಸಲ ಗುಣಿಸಿ ನೋಡಿದೆ. ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ 30 ಲಕ್ಷ ವೋಲ್ಟ್ ಸಾಕು. ಜೂನ್‌ನಲ್ಲಿ ಕಡಲ ಮೇಲೆ ಮಿಂಚಿದರೆ ಟಿವಿ ಪ್ಲಗ್ ಕೀಳುತ್ತೇವೆ. ನಮ್ಮ ಕಿರುಬೆರಳಿನ ನರದಲ್ಲಿ ಅದರ ನಾಲ್ಕು ಪಟ್ಟು ಬಿಗಿತ, ಸದ್ದಿಲ್ಲದೆ ಕೂತಿದೆ.

[ಪಂಪಿನ ಚಿತ್ರ]

ಈ ಚಾರ್ಜ್ ಕಾಯುವವರು ಯಾರು? ಪೊರೆಯಲ್ಲಿ ಕೂತ ಒಂದು ಪ್ರೋಟೀನ್ ಪಂಪ್. ಜೀವಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು ಮಾಡಿ 3 ಸೋಡಿಯಂ ಹೊರಗೆ ದಬ್ಬುತ್ತದೆ, 2 ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುತ್ತದೆ. ಇಲ್ಲಿಗೇ ಕಥೆ ಮುಗಿಸುವವರನ್ನು ಕಂಡರೆ ನನಗೆ ಸಿಟ್ಟು. ಪಂಪ್ ನೇರವಾಗಿ ಕೊಡುವುದು ಕೆಲವೇ ಮಿಲಿವೋಲ್ಟ್. ದೊಡ್ಡ ಪಾಲು ಸೋರಿಕೆಯದು! ಒಳಗೆ ತುಂಬಿಟ್ಟ ಪೊಟ್ಯಾಸಿಯಂ ತನ್ನದೇ ಕಿಂಡಿಗಳಿಂದ ಹೊರಗೆ ಜಾರುತ್ತದೆ, ಧನ ಚಾರ್ಜನ್ನೂ ಹೊತ್ತೊಯ್ಯುತ್ತದೆ. ಒಳಗೆ ಉಳಿದ ಋಣ ಅದನ್ನು ವಾಪಸ್ ಎಳೆಯುತ್ತದೆ. ಸೋಡಿಯಂ ಕೂಡ ಚೂರು ಒಳಗೆ ನುಸುಳುತ್ತದೆ. ಈ ಜಗ್ಗಾಟ ನಿಲ್ಲುವುದು 70ರ ಆಸುಪಾಸಿನಲ್ಲಿ.

ಟೈಮ್ ಆಯ್ತು, ಬೇಗ ಬೇಗ ಹೇಳ್ತೀನಿ. 1939ರಲ್ಲಿ ಬ್ರಿಟಿಷ್ ವಿಜ್ಞಾನಿಗಳಾದ ಹಾಜ್ಕಿನ್ ಮತ್ತು ಹಕ್ಸ್ಲಿ ಬೊಂಡಾಸ್ ಜಾತಿಯದೇ ದಪ್ಪ ನರದೊಳಗೆ ತಂತಿ ಇಳಿಸಿ ವೋಲ್ಟೇಜ್ ಅಳೆದರು. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಆ ಪಂಪನ್ನು ಪತ್ತೆ ಮಾಡಿದ್ದು ಏಡಿ ಕಾಲಿನ ನರದಲ್ಲಿ. 1997ರಲ್ಲಿ ನೊಬೆಲ್ ಬಂತು. ಬೊಂಡಾಸ್, ಏಡಿ ಎರಡೂ ನಮ್ಮ ಮೀನು ಮಾರ್ಕೆಟ್ಟಿನ ಸರಕು, ನೋಡಿ!

ನನ್ನ ತಟ್ಟೆಯಲ್ಲಿ ಆದದ್ದು ಇಷ್ಟು. ತಾಜಾ ಕಾಲಿನಲ್ಲಿ ಚಾರ್ಜ್ ಉಳಿದಿತ್ತು. ಉಪ್ಪಿನ ಸೋಡಿಯಂ ಸುತ್ತ ಸೇರಿ, ಕಿಂಡಿಗಳಿಂದ ಒಳನುಗ್ಗಿತು. ಚಾರ್ಜ್ ಕುಸಿದು ಸ್ನಾಯು ಸೆಳೆಯಿತು. ಎರಡು ದಿನ ಫ್ರಿಜ್‌ನಲ್ಲಿ ಇಟ್ಟದ್ದಕ್ಕೆ ಉಪ್ಪು ಹಾಕಿ ನನ್ನನ್ನು ಬೈಬೇಡಿ, ಅದು ಕುಣಿಯಲ್ಲ.