ಒರೆಸುವ ಬಟ್ಟೆಯೇ ಎಳೆಯುವ ಗೀರು

ಕೇಳುಗರಿಗೆ ನಮಸ್ಕಾರ. ಕಾರಿನ ಮೈಮೇಲೆ ಗೀರು ಕಂಡ ಕೂಡಲೇ ನಮಗೆ ಅನುಮಾನ ಬರುವುದು ಪಕ್ಕದಲ್ಲಿ ಗಾಡಿ ನಿಲ್ಲಿಸಿದವರ ಮೇಲೆ, ಇಲ್ಲವೇ ಬೀದಿಯಲ್ಲಿ ಆಡುವ ಮಕ್ಕಳ ಮೇಲೆ. ಆದರೆ ಬೆಳಗಿನ ಬಿಸಿಲಿನಲ್ಲಿ ಓರೆಯಾಗಿ ನಿಂತು ಬಾನೆಟ್ಟನ್ನು ನೋಡಿದರೆ, ಜೇಡರ ಬಲೆಯಂತೆ ಸುತ್ತುಸುತ್ತಾಗಿ ಹೊಳೆಯುವ ಸಣ್ಣ ಗೀರುಗಳು ಕಾಣುತ್ತವೆಯಲ್ಲ, ಅವುಗಳಲ್ಲಿ ಬಹುಪಾಲು ನಾವೇ ಒಣಬಟ್ಟೆಯಿಂದ ಒರೆಸಿ ಒರೆಸಿ ಮಾಡಿದವು.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇದಕ್ಕೆ ಹೆಚ್ಚಿನ ಕಾರಣವಿದೆ. ನಮ್ಮದು ಕಲ್ಲುಬಂಡೆಯ ಸೀಮೆ. ಜಲ್ಲಿ ಕ್ರಷರ್‌ಗಳ ಆಸುಪಾಸಿನಲ್ಲಿ, ಎಂ-ಸ್ಯಾಂಡ್ ತುಂಬಿದ ಟಿಪ್ಪರ್‌ಗಳು ಓಡಾಡುವ ರಸ್ತೆಗಳಲ್ಲಿ ಗಾಡಿಯ ಮೇಲೆ ಕೂರುವ ಧೂಳು ಬರಿಯ ಮಣ್ಣಲ್ಲ. ಅದರಲ್ಲಿ ಬೆಣಚುಕಲ್ಲಿನ ಪುಡಿ ಬೆರೆತಿರುತ್ತದೆ. ಗಡಸುತನವನ್ನು ಅಳೆಯುವ ಮೋಸ್ ಮಾಪನದಲ್ಲಿ ಬೆಣಚುಕಲ್ಲಿನದು 7, ಸಾಧಾರಣ ಗಾಜಿನದು ಸುಮಾರು 5.5. ಗಾಜನ್ನೇ ಗೀರಬಲ್ಲ ಪುಡಿಗೆ ಬಣ್ಣ ಯಾವ ಲೆಕ್ಕ?

ಆ ಬಣ್ಣವಾದರೂ ಎಷ್ಟು ದಪ್ಪ? ತುಕ್ಕು ತಡೆಯುವ ಲೇಪ, ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಎಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಹೊಳಪು ಕೊಡುವ ಮತ್ತು ಬಿಸಿಲನ್ನು ತಾಳುವ ಕ್ಲಿಯರ್ ಕೋಟ್ ಅದರಲ್ಲಿ 40–50 ಮೈಕ್ರಾನ್ ಇದ್ದೀತು. ಪಾಲಿಷ್ ಮಾಡಿಸಿದಾಗ ಗೀರು ತುಂಬಿಕೊಳ್ಳುವುದಿಲ್ಲ. ಗೀರಿನ ಸುತ್ತಲಿನ ಪದರವನ್ನೇ ಸವೆಸಿ ಮಟ್ಟ ಮಾಡುತ್ತಾರೆ. ಆದ್ದರಿಂದ ವರ್ಷವರ್ಷವೂ ಪಾಲಿಷ್ ಮಾಡಿಸುವುದು ಜಾಣತನವಲ್ಲ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವುದೂ ಅದೇ ಸವೆತ, ಅಷ್ಟೇ.

ತೊಳೆಯುವಾಗ ಬಟ್ಟೆ ಮುಟ್ಟಿಸುವ ಮೊದಲು ಧಾರಾಳವಾಗಿ ನೀರು ಹರಿಸಿ ಧೂಳನ್ನು ಇಳಿಸಬೇಕು. ಶಾಂಪೂ ನೀರಿಗೊಂದು, ಬಟ್ಟೆ ಜಾಲಿಸುವುದಕ್ಕೊಂದು ಎಂದು ಎರಡು ಬಕೆಟ್ ಇಟ್ಟುಕೊಂಡು, ಮೇಲ್ಛಾವಣಿಯಿಂದ ಕೆಳಕ್ಕೆ ಬರಬೇಕು. ಚಕ್ರದ ಬಳಿ ಉಜ್ಜಿದ ಬಟ್ಟೆಯನ್ನು ಮತ್ತೆ ಬಾಗಿಲಿಗೆ ತರಬಾರದು. ಹಳೆಯ ಬನಿಯನ್‌ಗಿಂತ ಮೈಕ್ರೋಫೈಬರ್ ಬಟ್ಟೆ ಮೇಲು, ಆದರೆ ಅದು ನೆಲಕ್ಕೆ ಬಿದ್ದರೆ ಒಗೆಯದೆ ಬಳಸುವಂತಿಲ್ಲ. ಬಟ್ಟೆ ಒಗೆಯುವ ಪುಡಿ ಮೇಣದ ಲೇಪವನ್ನು ಕಿತ್ತುಹಾಕುತ್ತದೆ. ನಮ್ಮ ಕೊಳವೆ ಬಾವಿಯ ಗಡಸು ನೀರು ಬಿಸಿಲಿನಲ್ಲಿ ಒಣಗಿದರೆ ಬಿಳಿಯ ಕಲೆ ಉಳಿಯುವುದರಿಂದ, ನೆರಳಿನಲ್ಲಿ ತೊಳೆದು ಕೂಡಲೇ ಒತ್ತಿ ನೀರು ಹೀರಿಸಬೇಕು.

ಆಯುಧಪೂಜೆಯ ಮಾತನ್ನು ಇಲ್ಲಿ ಹೇಳಲೇಬೇಕು. ಬಾಳೆಕಂದನ್ನು ತಂತಿಯಿಂದ ಬಂಪರಿಗೆ ಬಿಗಿದು ಊರೆಲ್ಲ ಸುತ್ತಿದರೆ ತಂತಿ ಅಲುಗಾಡಿದಲ್ಲೆಲ್ಲ ಬಣ್ಣ ಹೋಗುತ್ತದೆ. ಬಟ್ಟೆಯ ಪಟ್ಟಿಯಿಂದ ಕಟ್ಟಿದರೆ ಪೂಜೆಗೇನೂ ಕುಂದಿಲ್ಲ. ಗಂಧ, ವಿಭೂತಿ ಒಣಗಿದ ಮೇಲೆ ಕೆರೆಯದೆ ನೀರಿನಲ್ಲಿ ನೆನೆಸಿ ತೆಗೆಯಬೇಕು. ಧೂಳು ಕೂತ ಗಾಡಿಗೆ ಕವರ್ ಹೊದಿಸಿದರೂ ಗಾಳಿಗೆ ಅದು ಬಡಿದು ಉಜ್ಜುತ್ತಲೇ ಇರುತ್ತದೆ.

ಸಿರಾಮಿಕ್ ಕೋಟಿಂಗ್ ಮಾಡಿಸಿದರೆ ಗೀರೇ ಬೀಳದು ಎಂಬ ಮಾರಾಟದ ಮಾತನ್ನು ನಂಬಬೇಡಿ. ಅದು ಬಹಳ ತೆಳುವಾದ ಲೇಪ. ಕೊಳೆ ಅಂಟುವುದನ್ನು ಕಡಿಮೆ ಮಾಡುತ್ತದೆ, ಟಿಪ್ಪರ್ ಸಿಡಿಸಿದ ಜಲ್ಲಿಯನ್ನು ತಡೆಯದು. ಅದನ್ನು ತಡೆಯುವುದಕ್ಕೆ 150–200 ಮೈಕ್ರಾನಿನ ಪಾಲಿಯುರಿಥೇನ್ ಫಿಲ್ಮ್ ಇದೆ, ದುಬಾರಿ. ಹೆದ್ದಾರಿ 44ರಲ್ಲಿ ಬಾಗೇಪಲ್ಲಿಯ ಕಡೆಗೆ ದಿನವೂ ಓಡಾಡುವವರು ಬಾನೆಟ್ ಮತ್ತು ಮುಂದಿನ ಬಂಪರಿಗಷ್ಟೇ ಹಾಕಿಸಿದರೂ ಪ್ರಯೋಜನವಿದೆ. ಟಿಪ್ಪರಿನಿಂದ ದೂರ ಉಳಿಯುವುದಕ್ಕೆ ಖರ್ಚಿಲ್ಲ.

ಇಷ್ಟಾಗಿಯೂ ಗೀರು ಬಿದ್ದರೆ ಅದರ ಮೇಲೆ ಉಗುರನ್ನು ಅಡ್ಡಲಾಗಿ ಆಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಪಾಲಿಷ್ ಸಾಲದು. ತಗಡು ಕಂಡಿದ್ದರೆ ಮಳೆಗೆ ಮೊದಲೇ ಟಚಪ್ ಬಣ್ಣ ಹಚ್ಚಬೇಕು. ಬಣ್ಣದ ಸಂಕೇತವನ್ನು ಹಲವು ಕಾರುಗಳಲ್ಲಿ ಬಾಗಿಲಿನ ಕಂಬದ ಚೀಟಿಯ ಮೇಲೆ ಅಚ್ಚು ಮಾಡಿರುತ್ತಾರೆ. ಅದನ್ನೇ ತೋರಿಸಿ ಕೊಳ್ಳಿ. ಬರಿದೇ ಬಿಳಿ ಬಣ್ಣ ಕೊಡಿ ಎಂದರೆ ಅಂಗಡಿಯವರ ಬಿಳಿ ನಿಮ್ಮ ಗಾಡಿಯ ಬಿಳಿಯಾಗಿರಲಾರದು. ನಮಸ್ಕಾರ.